ಬೆಳಕಿನ ಹಾಳೆಯ ಕೆಳಗೆ

ಇದನ್ನು ಹೇಳಬೇಕು ಅಂದುಕೊಂಡಾಗಲೆಲ್ಲ ನನಗೆ ಬೇರೆ ಯಾವುದೋ ಕೆಲಸ ನೆನಪಾಗುತ್ತಿತ್ತು. ಮೊದಲು ನಿವೃತ್ತಿ ಆಗಲಿ ಅಂದೆ, ಆಯಿತು. ಮಗಳ ಮದುವೆ ಮುಗಿಯಲಿ ಅಂದೆ, ಮುಗಿಯಿತು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ನಿಧಾನವಾಗಿ ಕೂತು ಬರೆಯೋಣ ಅಂದೆ. ಪೊರೆಯೂ ಹೋಯಿತು. ಈಗ ಎಲ್ಲ ಬೇಕಾದ್ದಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ, ಹೇಳಿಕೊಳ್ಳಲು ನೆವ ಉಳಿದಿಲ್ಲ.

ವಸಂತಪುರದಲ್ಲಿ ನಮ್ಮ ಮನೆಯ ಕೆಳಗೆ ಸ್ಕೂಟರ್ ರಿಪೇರಿ ಮಾಡುವ ಗ್ಯಾರೇಜಿದೆ. ಈ ಸಲದ ಆಯುಧಪೂಜೆಗೆ ಗ್ಯಾರೇಜಿನವನು ಬಂದು ಕರೆದ. ಹೋದೆ. ಗಾಳಿ ತುಂಬುವ ಕಂಪ್ರೆಸರಿಗೆ ಹೂವಿನ ಹಾರ ಹಾಕಿ, ಸ್ಪ್ಯಾನರುಗಳನ್ನೆಲ್ಲ ತೊಳೆದು ಸಾಲಾಗಿ ಜೋಡಿಸಿ, ಅವನು ಅಂಗೈ ತುಂಬ ವಿಭೂತಿ ತೆಗೆದುಕೊಂಡು ಕಂಪ್ರೆಸರಿನ ಹೊಟ್ಟೆಗೆ ಬಳಿದ. ಷಟರಿನಲ್ಲಿ ಒಂದು ತೂತಿತ್ತು. ಅದರಿಂದ ಬಂದ ಬಿಸಿಲು ಕಡ್ಡಿಯ ಹಾಗೆ ಕೋಣೆಯನ್ನು ದಾಟಿ ಎದುರಿನ ಗೋಡೆ ಮುಟ್ಟಿತ್ತು. ಅವನ ಕೈಯಿಂದ ಎದ್ದ ಬೂದಿ ಆ ಬಿಸಿಲಿನೊಳಗೆ ಬಂದು ನಿಂತಿತು. ಬೀಳಲಿಲ್ಲ, ಹಾರಲಿಲ್ಲ, ನಿಂತಿತು.

ನಾನು ಅಲ್ಲೇ ಹಳೇ ಟೈರಿನ ಮೇಲೆ ಕೂತುಬಿಟ್ಟೆ. "ಅಂಕಲ್, ಬಿಪಿನಾ? ನೀರು ಕೊಡ್ಲಾ?" ಅಂದ ಗ್ಯಾರೇಜಿನವನು. ಹೌದಪ್ಪ, ಬಿಪಿ ಅಂದೆ. ಆ ಸುಳ್ಳು ಎಷ್ಟು ಸಲೀಸಾಗಿ ಬಂತು ಅಂದರೆ, ಹಿಂದೊಮ್ಮೆ ಇದೇ ಹಬ್ಬದ ಮಾರನೇ ವಾರ ನಾನು ಹೇಳಿದ ಇನ್ನೊಂದು ಸುಳ್ಳು ಅದರ ಹಿಂದೆಯೇ ಎದ್ದು ಬಂತು.

ನಾನು ಸಾರಕ್ಕಿಯವನು. ನಮ್ಮಪ್ಪ ರಾಗಿ ಬಿತ್ತುತ್ತಿದ್ದ ಹೊಲದ ಮೇಲೆ ಈಗ ಜೆ.ಪಿ. ನಗರದ ಮನೆಗಳಿವೆ. ಎಸ್ಸೆಸ್ಸೆಲ್ಸಿ ಓದಿದ ಮೇಲೆ ಬನಶಂಕರಿ ಕಡೆಯ ಒಂದು ಕಾಲೇಜಿನಲ್ಲಿ ಅಟೆಂಡರ್ ಆಗಿ ಸೇರಿದೆ. ಕೊನೆಯ ಕೆಲವು ವರ್ಷ ನನ್ನನ್ನು ಭೌತಶಾಸ್ತ್ರದವರ ಮೇಲಿನ ಮಹಡಿಯ ಲ್ಯಾಬಿಗೆ ಹಾಕಿದ್ದರು. ಗುಡಿಸುವುದು, ಒರೆಸುವುದು, ಪಂಪಿನ ಎಣ್ಣೆ ಬದಲಿಸುವುದು, ಗ್ಯಾಸ್ ಸಿಲಿಂಡರ್ ಉರುಳಿಸಿಕೊಂಡು ಬರುವುದು ನನ್ನ ಕೆಲಸ. ಒಟ್ಟಿನಲ್ಲಿ ಧೂಳು ಹೊಡೆದೇ ಬಾಳಿದವನು. ಅಂಥವನಿಗೆ ಧೂಳನ್ನು ಬೇಕೆಂದೇ ಒಳಗೆ ಹಾಕಿ ಆಡಿಸುವ ಕೋಣೆ ಸಿಕ್ಕಿತ್ತು.

ಕೋಣೆಯ ಕಿಟಕಿಗಳಿಗೆಲ್ಲ ಕರಿ ಬಟ್ಟೆ. ಹಗಲಲ್ಲೂ ಕತ್ತಲೆ. ನಡುವೆ ಮೇಜಿನ ಮೇಲೆ ಮದುವೆಮನೆಯ ಇಡ್ಲಿ ಪಾತ್ರೆಯಷ್ಟು ದೊಡ್ಡದಾದ ಒಂದು ಸ್ಟೀಲ್ ಡ್ರಮ್ಮು, ಸುತ್ತ ಗಾಜಿನ ಕಿಟಕಿಗಳು. ಅದನ್ನು ಚೇಂಬರ್ ಅನ್ನುತ್ತಿದ್ದರು. ಪಂಪು ಹಾಕಿ ಒಳಗಿನ ಗಾಳಿಯನ್ನೆಲ್ಲ ಎಳೆದು, ಆರ್ಗಾನ್ ಅನ್ನುವ ಗ್ಯಾಸನ್ನು ಒಂದಿಷ್ಟೇ ಬಿಟ್ಟು, ಕರೆಂಟು ಕೊಟ್ಟರೆ ಒಳಗೆ ನೇರಳೆ ಬಣ್ಣದ ಹೊಗೆಯಂಥ ಬೆಳಕು ಹತ್ತಿಕೊಳ್ಳುತ್ತಿತ್ತು. ನನಗೆ ಆ ಬೆಳಕು ಕಂಡರೆ ಭಯ. ಉರಿಯೂ ಅಲ್ಲ, ದೀಪವೂ ಅಲ್ಲ. ಅದರ ಪಕ್ಕ ಗುಡಿಸುವಾಗ ನಾನು ಬೆನ್ನು ತಿರುಗಿಸುತ್ತಿರಲಿಲ್ಲ.

ಆ ಚೇಂಬರಿನ ಮೇಲೆ ಕೆಲಸ ಮಾಡುತ್ತಿದ್ದವಳು ಗದಗ ಕಡೆಯಿಂದ ಬಂದ ಹುಡುಗಿ. ಬಿಟಿಎಮ್ ಲೇಔಟಿನಲ್ಲಿ ಇನ್ನಿಬ್ಬರ ಜೊತೆ ಬಾಡಿಗೆಗಿದ್ದಳು. ಡಾಕ್ಟರೇಟಿಗೆ ಓದುತ್ತಿದ್ದಳು. ಬೇರೆಯವರು ನನ್ನನ್ನು ಮುನಿರಾಜು ಅಂತಲೋ ಅಂಕಲ್ ಅಂತಲೋ ಕರೆದರೆ ಅವಳು ಮೊದಲ ದಿನವೇ ಕಾಕಾ ಅಂದಳು. ಕಾಕಾ ಅಂದರೆ ಚಿಕ್ಕಪ್ಪ ಅಂತ ಆಮೇಲೆ ತಿಳಿಯಿತು. ನಾನು ಮಾತ್ರ ಕೊನೆಯವರೆಗೂ ಮೇಡಂ ಅಂತಲೇ ಕರೆದೆ.

ಅವಳ ಒಂದು ಅಭ್ಯಾಸ ಹೇಳಬೇಕು, ಈ ಕತೆಯೆಲ್ಲ ಅದರ ಮೇಲೆ ನಿಂತಿದೆ. ಅವರದು ಅಯ್ಯನವರ ಮನೆತನ. ದಿನಾ ಬೆಳಿಗ್ಗೆ ಸ್ನಾನ ಮಾಡಿ ಹಣೆಗೆ ವಿಭೂತಿ ಹಚ್ಚಿಕೊಂಡೇ ಮನೆ ಬಿಡುತ್ತಿದ್ದಳು. ಲ್ಯಾಬಿನ ಬಾಗಿಲಿಗೆ ಬಂದ ಕೂಡಲೇ ಬ್ಯಾಗಿನಿಂದ ಒದ್ದೆ ಕರ್ಚೀಫು ತೆಗೆದು ಅದನ್ನು ಪೂರಾ ಒರೆಸಿ, ಕೈ ತೊಳೆದು, ತಲೆಗೆ ಟೋಪಿ ಹಾಕಿ ಒಳಗೆ ಹೋಗುತ್ತಿದ್ದಳು. ಸಂಜೆ ಹೊರಡುವಾಗ ಪುಟ್ಟ ಡಬ್ಬಿಯಿಂದ ಮತ್ತೆ ಹಚ್ಚಿಕೊಳ್ಳುತ್ತಿದ್ದಳು. ದೇವರ ಪ್ರಸಾದವನ್ನು ಹೀಗೆ ಒರೆಸಬಹುದಾ ಮೇಡಂ ಅಂತ ಒಮ್ಮೆ ಕೇಳಿದೆ.

"ದೇವರು ಹೊರಗ ಕುಂದರ್ಲಿ ಕಾಕಾ, ಸಂಜಿ ಮುಂದ ಕರಕೊಂಡು ಹೋಗ್ತೇನಿ," ಅಂದಳು. "ಈ ಚೇಂಬರಿನೊಳಗ ಬಂದ್ರ ಅವನೂ ಧೂಳನ."

ನಗುತ್ತಾ ಹೇಳಿದ್ದಳು. ನಾನೂ ನಕ್ಕೆ. ಆ ಮಾತನ್ನು ನಾನು ತಮಾಷೆಯ ಲೆಕ್ಕಕ್ಕೆ ಹಾಕಿಕೊಂಡೆ, ಅದೇ ನನ್ನ ಮೊದಲ ತಪ್ಪು.

ಒಂದು ದಿನ ಒಳಗೆ ಏನಿದೆ ಅಂತ ತೋರಿಸಿದಳು. ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ಗುಂಡುಗಳ ಪುಡಿಯನ್ನು ಆ ನೇರಳೆ ಬೆಳಕಿನೊಳಗೆ ಉದುರಿಸಿದಳು. ಆಮೇಲೆ ಪಕ್ಕದಿಂದ ಕೆಂಪು ಲೇಸರ್ ಬೆಳಕನ್ನು ಹಪ್ಪಳಕ್ಕಿಂತ ತೆಳ್ಳಗೆ ಹಾಳೆಯ ಹಾಗೆ ಹರಡಿ ಒಳಗೆ ಬಿಟ್ಟಳು. ಮೇಲಿನ ಕ್ಯಾಮರಾದಿಂದ ಚಿತ್ರ ಟಿವಿಯಂಥ ಪರದೆಗೆ ಬಂತು. ನೋಡಿದರೆ ಚುಕ್ಕಿ, ಚುಕ್ಕಿ, ಚುಕ್ಕಿ. ನಮ್ಮ ಮನೆಯವಳು ಸಂಕ್ರಾಂತಿಗೆ ಇಡುವ ಸಂದು ಚುಕ್ಕಿಯ ರಂಗೋಲಿಯೇ. ಒಂದು ಸಾಲಿನ ಎರಡು ಚುಕ್ಕಿಗಳ ಸಂದಿಗೆ ಸರಿಯಾಗಿ ಮುಂದಿನ ಸಾಲಿನ ಚುಕ್ಕಿ. ಆದರೆ ಯಾರ ಬೆರಳೂ ಇಟ್ಟದ್ದಲ್ಲ. ಡ್ರಮ್ಮಿನ ತಳದಲ್ಲಿದ್ದ ಸ್ಟೀಲ್ ತಟ್ಟೆಯಿಂದ ಮೇಲೆ, ಏನೂ ಆಧಾರವಿಲ್ಲದೆ, ತೇಲಿ ನಿಂತಿದ್ದವು. ಇದಕ್ಕೆ ಜೀವ ಇದೆಯಾ ಮೇಡಂ ಅಂದೆ.

"ಜೀವ ಇಲ್ರಿ. ಪ್ಲಾಸ್ಟಿಕ್ ಪುಡಿ. ಒಂದೊಂದು ಕಾಳಿಗೂ ಕರೆಂಟ್ ಹತ್ತೇತಿ, ಹಂಗಾಗಿ ಒಂದನ್ನ ಕಂಡ್ರ ಒಂದಕ್ಕ ಆಗೂದಿಲ್ಲ. ಕೆಳಗಿನ ತಟ್ಟಿನೂ ಅವನ್ನ ಮ್ಯಾಲೆ ನೂಕತೈತಿ. ಓಡಿ ಹೋಗಾಕ ಜಾಗ ಇಲ್ಲ. ಒಂದಕ್ಕೊಂದು ಅಂಜಿ ಎಷ್ಟು ಸಾಧ್ಯ ಅಷ್ಟು ದೂರ ನಿಂತಾವ. ನಮಗದು ಶಿಸ್ತು ಅನ್ನಸ್ತೈತಿ."

ಅವಳು ಹುಡುಕುತ್ತಿದ್ದದ್ದು ಈ ರಂಗೋಲಿ ಯಾವಾಗ ಕೆಡುತ್ತದೆ ಅನ್ನುವುದನ್ನು. ಗ್ಯಾಸು ಸಾಕಷ್ಟಿದ್ದರೆ ಅದರ ತಡೆಗೆ ಕಾಳುಗಳು ನೆಮ್ಮದಿಯಾಗಿ ನಿಲ್ಲುತ್ತವೆ. ಗ್ಯಾಸನ್ನು ಸ್ವಲ್ಪಸ್ವಲ್ಪವೇ ಎಳೆಯುತ್ತಾ ಹೋದರೆ ಒಂದು ಹಂತದಲ್ಲಿ ಎಲ್ಲೋ ಒಂದು ಕಾಳಿಗೆ ನಡುಕ ಶುರುವಾಗುತ್ತದೆ. ಅದರಿಂದ ಪಕ್ಕದ್ದಕ್ಕೆ, ಅದರಿಂದ ಇನ್ನೊಂದಕ್ಕೆ. ಕಣ್ಣು ಮಿಟುಕಿಸುವುದರಲ್ಲಿ ಸಾಲೆಲ್ಲ ಮುರಿದು, ಜಾತ್ರೆಯಲ್ಲಿ ಗಲಾಟೆಯಾದಾಗ ಜನ ಓಡುವ ಹಾಗೆ ಓಡತೊಡಗುತ್ತವೆ. ಅದನ್ನು ಅವರು ಕರಗುವುದು ಅನ್ನುತ್ತಿದ್ದರು. ಯಾವ ಒತ್ತಡಕ್ಕೆ ಕರಗುತ್ತದೆ ಅನ್ನುವುದೇ ಅವಳ ಅಂಕಿ. ಬೇರೆಯವರಲ್ಲಿ ಕರಗಿಹೋಗುವ ಒತ್ತಡದಲ್ಲಿ ಅವಳದು ಇನ್ನೂ ನಿಂತಿರುತ್ತಿತ್ತು. ತಾನು ಚೇಂಬರನ್ನು ಅಷ್ಟು ಚೊಕ್ಕಟವಾಗಿ ಇಟ್ಟಿರುವುದರಿಂದಲೇ ಹಾಗೆ ಅನ್ನುವುದು ಅವಳ ನಂಬಿಕೆ, ಅವಳ ಹೆಮ್ಮೆ ಕೂಡ. ಆ ಅಂಕಿಯ ಮೇಲೆ ಒಂದು ಲೇಖನ ಬರೆದು ಹೊರದೇಶಕ್ಕೆ ಕಳಿಸಿದ್ದಳು. ಹಬ್ಬ ಕಳೆದ ಮೇಲೆ ತಜ್ಞರ ಸಮಿತಿ ಬರುವುದಿತ್ತು. ಅವರೆದುರು ಅದನ್ನೇ ಮಾಡಿ ತೋರಿಸಿದರೆ ಓದು ಮುಂದುವರಿಯುತ್ತದೆ, ಇಲ್ಲದಿದ್ದರೆ ಇಲ್ಲ.

ಆ ವರ್ಷ ನವರಾತ್ರಿಯ ಉದ್ದಕ್ಕೂ ಸಂಜೆ ಮಳೆ. ಕನಕಪುರ ರಸ್ತೆಯ ಮೆಟ್ರೋ ಕಂಬಗಳ ಕೆಳಗೆ ನೀರು ನಿಂತು ಬಸ್ಸುಗಳು ಸಾರಕ್ಕಿ ಜಂಕ್ಷನ್ನಿನಲ್ಲೇ ಕೂತುಬಿಡುತ್ತಿದ್ದವು. ನೆನೆದು ಬಂದವರ ಚಪ್ಪಲಿಯ ಕೆಸರು ಒರೆಸಿ ಒರೆಸಿ ನನಗೆ ಸಾಕಾಗಿತ್ತು. ಅವಳು ಮಾತ್ರ ದಿನದಿಂದ ದಿನಕ್ಕೆ ಮಂಕಾಗುತ್ತಿದ್ದಳು. ಊಟದ ಡಬ್ಬಿ ಹಾಗೇ ವಾಪಸ್ಸು ಹೋಗುತ್ತಿತ್ತು. ಸಮಿತಿಯವರ ಮುಂದೆ ಕರಗಿಬಿಟ್ಟರೆ ಏನು ಮಾಡಲಿ ಕಾಕಾ ಅಂತ ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದಳು. ಆ ಕತ್ತಲೆ ಕೋಣೆ, ಆ ಬೆಳಕು, ಅದರ ಎದುರು ಒಂಟಿಯಾಗಿ ಕೂತ ಹುಡುಗಿ. ಇವಳಿಗೆ ಯಾರದೋ ಕಣ್ಣು ಬಿದ್ದಿದೆ ಅನ್ನಿಸಿತು ನನಗೆ.

ಆಯುಧಪೂಜೆಯ ದಿನ ಕಾಲೇಜೆಲ್ಲ ಮಾವಿನ ತೋರಣ. ನಾನೇ ಮಡಿಯುಟ್ಟು ಎಲ್ಲ ಲ್ಯಾಬುಗಳ ಮೆಷಿನ್ನುಗಳಿಗೂ ಕುಂಕುಮ, ವಿಭೂತಿ ಇಟ್ಟುಕೊಂಡು ಬರುತ್ತಿದ್ದೆ. ಮೇಲಿನ ಮಹಡಿಗೆ ಹೋದಾಗ ಅವಳು ಚೇಂಬರಿನ ಮುಚ್ಚಳ ತೆಗೆದು, ಒಳಗೆಲ್ಲ ಸ್ಪಿರಿಟ್ಟಿನಿಂದ ಒರೆಸಿ, ಹೊಸ ಪುಡಿ ತುಂಬಲು ಸಿದ್ಧ ಮಾಡಿ, ಬಾಯಿಗೆ ಬೆಳ್ಳಿ ಬಣ್ಣದ ಹಾಳೆ ಮುಚ್ಚಿ ಇಟ್ಟಿದ್ದಳು. ಕೆಳಗೆ ಪೂಜೆಗೆ ಕರೆ ಬಂತು.

"ಕಾಕಾ, ಹೊರಗ ಒಂದು ಬೊಟ್ಟು ಇಡ್ರಿ, ಸಾಕು," ಅಂದಳು. "ಒಳಗ ಮಾತ್ರ ಬ್ಯಾಡ." ಆಯ್ತು ಮೇಡಂ ಅಂದೆ. ಅವಳು ಇಳಿದುಹೋದಳು.

ಹೊರಗಿನ ಸ್ಟೀಲಿಗೆ ಕುಂಕುಮ ಇಟ್ಟೆ. ಇಟ್ಟು ನಿಂತೆ. ಇದು ಬರೀ ಮೈಮೇಲಿನ ಬಟ್ಟೆ, ಅಸಲು ಮೆಷಿನ್ನು ಒಳಗಿದೆ ಅನ್ನಿಸಿತು. ಮಗುವಿಗೆ ದೃಷ್ಟಿಯಾದರೆ ಅಂಗಿಗೆ ಯಾರಾದರೂ ವಿಭೂತಿ ಹಚ್ಚುತ್ತಾರೆಯೇ? ಹಣೆಗೇ ಹಚ್ಚಬೇಕು. ಹಾಳೆ ಸರಿಸಿದೆ. ಒಳಗೆ ತಟ್ಟೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನಮ್ಮ ಮನೆದೇವರ ವಿಭೂತಿ ಚಿಟಿಕೆಯಲ್ಲಿ ತೆಗೆದುಕೊಂಡು, ಈ ಹುಡುಗಿಯನ್ನು ಕಾಪಾಡಪ್ಪ ಅಂತ ಹೇಳಿಕೊಂಡು, ತಟ್ಟೆಯ ಅಂಚಿನಲ್ಲಿ ಮೂರು ಬೆರಳು ಎಳೆದೆ.

ಎಳೆದ ಕ್ಷಣವೇ ಹೆದರಿಕೆಯಾಯಿತು. ಹೊಳೆಯುವ ತಟ್ಟೆಯ ಮೇಲೆ ಆ ಬಿಳಿ ಗೆರೆಗಳು ಕೂಗಿ ಹೇಳುವ ಹಾಗೆ ಕಾಣುತ್ತಿದ್ದವು. ಚೇಂಬರಿನ ಒಳಗೆ ಮುಟ್ಟಿದವನು ಮಾರನೇ ದಿನ ಕೆಲಸದಲ್ಲಿ ಇರುವುದಿಲ್ಲ ಅಂತ ದೊಡ್ಡ ಸಾರ್, ಅಂದರೆ ಅವಳಿಗೆ ಗೈಡ್ ಆಗಿದ್ದ ಪ್ರೊಫೆಸರ್, ಎಲ್ಲರೆದುರು ಹೇಳಿಟ್ಟಿದ್ದರು. ಹೆಗಲ ಮೇಲಿನ ಹಳದಿ ಬಟ್ಟೆಯಿಂದ ಒರೆಸಿದೆ. ಉಜ್ಜಿ ಒರೆಸಿದೆ. ಕಣ್ಣಿಗೆ ಏನೂ ಕಾಣದಷ್ಟು ಒರೆಸಿ ಹಾಳೆಯನ್ನು ಮೊದಲಿನಂತೆ ಮುಚ್ಚಿದೆ. ನಮ್ಮ ಕಣ್ಣು ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಆ ಕಾಳುಗಳ ಲೋಕ ಶುರುವಾಗುತ್ತದೆ ಅನ್ನುವುದು ಆಗ ಹೊಳೆಯಲಿಲ್ಲ. ಒಣ ಬಟ್ಟೆಯಿಂದ ಉಜ್ಜಿದ ಬೂದಿ ತಟ್ಟೆಯ ಸುತ್ತ ಬಿಗಿದಿದ್ದ ಲೋಹದ ಬಳೆಯ ಸಂದಿಗೆ ಹೋಗಿ ಕೂತಿತ್ತು.

ಅವಳು ಕೆಳಗಿಂದ ನನಗಾಗಿ ಪೇಪರಿನಲ್ಲಿ ಕಡ್ಲೆಪುರಿ, ಬೂಂದಿ ಕಟ್ಟಿಸಿಕೊಂಡು ಬಂದಳು. ಕಾರಿಡಾರಿನಲ್ಲಿ ನಿಂತು ತಿಂದೆ. ಒಂದು ತುತ್ತಾದ ಮೇಲೆ ಪೊಟ್ಟಣ ಮತ್ತೆ ಕಟ್ಟಿಟ್ಟೆ. ಯಾಕೆ ಕಾಕಾ, ಉಪವಾಸವೇನು ಅಂತ ಕೇಳಿದಳು.

ವಿಜಯದಶಮಿಯ ರಜೆ ಮುಗಿದು ಬಂದು ಪಂಪು ಹಾಕಿದಳು. ರಂಗೋಲಿ ಎಂದಿನಂತೆ ಮೂಡಿತು. ನನಗೆ ಹೋದ ಜೀವ ಬಂದ ಹಾಗಾಯಿತು. ಆಮೇಲೆ ಗ್ಯಾಸ್ ಇಳಿಸುತ್ತಾ ಹೋದಳು. ಅವಳ ಅಂಕಿ ಇನ್ನೂ ಬಹಳ ದೂರ ಇರುವಾಗಲೇ ಚುಕ್ಕಿಗಳ ನಡುವೆ ಒಂದು ಗೆರೆ ಹರಿಯಿತು. ಸಾರಕ್ಕಿ ಕೆರೆಯಲ್ಲಿ ಬಾತುಕೋಳಿ ಈಜಿಕೊಂಡು ಹೋದರೆ ಹಿಂದೆ ನೀರು ಎರಡು ಕಡೆ ಸೀಳಿಕೊಂಡು ಹೋಗುವುದಿಲ್ಲವೇ, ಹಾಗೆ. ಆದರೆ ಬಾತುಕೋಳಿ ಇಲ್ಲ, ಬರೀ ಸೀಳು. ಮತ್ತೊಂದು ಹರಿಯಿತು. ಅದು ಹಾದ ಕಡೆಯೆಲ್ಲ ಕಾಳುಗಳು ನಡುಗಿದವು. ಎಲ್ಲ ಕರಗಿತು.

ಅವಳು ಮತ್ತೆ ಮಾಡಿದಳು. ಮತ್ತೆ ಕರಗಿತು. ಪರದೆಯ ಹತ್ತಿರ ಮುಖ ಇಟ್ಟು ಬಹಳ ಹೊತ್ತು ನೋಡಿದಳು.

"ಏನೋ ಒಂದು ಕೆಳಗ ಓಡ್ಯಾಡಾಕತ್ತೈತಿ ಕಾಕಾ. ನಮ್ಮ ಕಾಳಿಗಿಂತ ಭಾರ ಐತಿ, ಅದಕ್ಕ ಕೆಳಗ ತೇಲಾಕತ್ತೈತಿ. ನಾವು ಬೆಳಕು ಬಿಟ್ಟಿದ್ದು ಈ ಒಂದು ಪದರಕ್ಕ ಅಷ್ಟ. ಬೆಳಕಿನ ಹಾಳಿ ಕೆಳಗ ಇದ್ದದ್ದು ಕಾಣೂದಿಲ್ಲ. ಅದು ಮಾಡಿದ್ದಷ್ಟ ಕಾಣತೈತಿ." ಆಮೇಲೆ ನನ್ನ ಕಡೆ ತಿರುಗಿದಳು. ಕೆಂಪು ಬೆಳಕು ಅವಳ ಕೆನ್ನೆಯ ಮೇಲಿತ್ತು. "ಹಬ್ಬದ ದಿನ ಯಾರರೆ ಒಳಗ ಕೈ ಹಾಕಿದ್ರೇನ್ರಿ?"

"ಇಲ್ಲ ಮೇಡಂ," ಅಂದೆ. "ನಾನೇ ಇದ್ನಲ್ಲ ಇಲ್ಲೇ."

ನಾನೇ ಇದ್ದೆನಲ್ಲ. ಈ ಮಾತನ್ನು ಅವಳು ಪೂರ್ತಿ ನಂಬಿದಳು. ನಾನು ಕಾವಲಿದ್ದೆ ಅಂತ ಅವಳು ಅರ್ಥ ಮಾಡಿಕೊಂಡಳು. ನಿವೃತ್ತಿಗೆ ಹತ್ತಿರವಿದ್ದವನು, ಕೆಲಸ ಹೋದರೆ ಗತಿಯೇನು ಅನ್ನುವ ಹೆದರಿಕೆ ಒಂದು. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ದೇವರ ಬೂದಿಯಿಂದಲೇ ಒಂದು ಹೆಣ್ಣುಮಗಳಿಗೆ ಕೆಡುಕಾಯಿತು ಅಂತ ಬಾಯಿಬಿಟ್ಟು ಹೇಳುವುದು ಹೇಗೆ? ಹೇಳಿದರೆ ಆ ದೇವರು ಸುಮ್ಮನೆ ಬಿಟ್ಟಾನೆಯೇ? ಹೀಗೆ ಕೆಲಸಕ್ಕೂ ದೇವರಿಗೂ ಒಟ್ಟಿಗೇ ಹೆದರಿದೆ. ಅವಳಿಗೆ ಮಾತ್ರ ಹೆದರಲಿಲ್ಲ. ಅವಳಿಂದ ನನಗೆ ಏನೂ ಆಗುವುದಿಲ್ಲ ಅಂತ ಗೊತ್ತಿತ್ತು.

ಆಮೇಲಿನ ದಿನಗಳಲ್ಲಿ ಪಂಪಿನ ಸದ್ದು ಕೇಳಿದರೆ ಬಕೆಟ್ಟು ಎತ್ತಿಕೊಂಡು ಕೆಳಗಿನ ಮಹಡಿಗೆ ಹೋಗಿಬಿಡುತ್ತಿದ್ದೆ. ಆ ಹಳದಿ ಬಟ್ಟೆಯನ್ನು ಮನೆಗೆ ತಂದು ಒಲೆಗೆ ಹಾಕಿದೆ. ಒಳ್ಳೆ ಬಟ್ಟೆ ಯಾಕ್ರೀ ಸುಡ್ತೀರಿ ಅಂತ ಮನೆಯವಳು ಕೇಳಿದ್ದಕ್ಕೆ ರೇಗಿದೆ. ಬೆಳಿಗ್ಗೆ ಮನೆಯವಳು ಬಾಗಿಲಲ್ಲಿ ರಂಗೋಲಿಯ ಚುಕ್ಕಿ ಇಡುತ್ತಿದ್ದರೆ ನಾನು ಹಿತ್ತಿಲ ಕಡೆಯಿಂದ ಹೋಗತೊಡಗಿದೆ.

ಒಂದು ಮಧ್ಯಾಹ್ನ ಲ್ಯಾಬಿನಲ್ಲಿ ಆ ಹುಡುಗಿ ತಟ್ಟೆಯ ಸುತ್ತಲಿನ ಬಳೆ ಬಿಚ್ಚಿ, ಹತ್ತಿಯಿಂದ ಒರೆಸಿ, ಆ ಹತ್ತಿಯನ್ನು ಪಕ್ಕದ ಕೋಣೆಯ ಸೂಕ್ಷ್ಮದರ್ಶಕದ ಕೆಳಗೆ ಇಟ್ಟಳು. ನಾನು ಬಾಗಿಲಲ್ಲೇ ನಿಂತಿದ್ದೆ. ಅವಳು ತಲೆ ಎತ್ತಲೇ ಇಲ್ಲ. ಈಗ ಸಿಕ್ಕಿಬಿದ್ದೆ, ಆಗಲಿ, ಮುಗಿಯಲಿ ಅಂತ ಗೋಡೆಗೆ ಒರಗಿದೆ. ಬಹಳ ಹೊತ್ತಿನ ಮೇಲೆ ಅವಳ ಕೈ ಮೆಲ್ಲಗೆ ಮೇಲೆ ಹೋಯಿತು. ತನ್ನ ಹಣೆಯನ್ನು ಮುಟ್ಟಿಕೊಂಡಳು.

"ಬೂದಿ," ಅಂದಳು. "ವಿಭೂತಿ ಕಾಕಾ. ನಂದ."

ನಾನು ಪೊರಕೆ ತೆಗೆದುಕೊಂಡು ಕಾರಿಡಾರ್ ಗುಡಿಸಲು ಹೋದೆ.

ಅವಳೇ ದೊಡ್ಡ ಸಾರ್ ಹತ್ತಿರ ಹೋಗಿ ಹೇಳಿದಳು. ನಾನು ಅವರ ಕೋಣೆಗೆ ಕಾಫಿ ತಂದಿದ್ದೆ, ಬಾಗಿಲು ತೆರೆದಿತ್ತು. ಅವರು ಕೆಟ್ಟವರಲ್ಲ. ದನಿ ಎತ್ತಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಒಂದೇ ಒಂದು ಪ್ರಶ್ನೆ ಕೇಳಿದರು. "ಯಾವತ್ತಿಂದ?"

ಅವಳು ಗೊತ್ತಿಲ್ಲ ಅಂದಳು.

"ನೀನು ಡೈಲಿ ಹಚ್ಕೊಂಡ್ ಬರ್ತೀಯಮ್ಮ. ನಿನ್ನೆ ಬಿತ್ತೋ, ಹೋದ್ ವರ್ಷಾನೇ ಬಿತ್ತೋ? ಪೇಪರ್‌ನಲ್ಲಿರೋ ರೀಡಿಂಗ್ ತಗೊಂಡಾಗ ಒಳಗೆ ಇತ್ತೋ ಇಲ್ವೋ? ಗೊತ್ತಿಲ್ಲ ಅಂದ್ರೆ ಆ ಪೇಪರ್ ನಿಲ್ಲಲ್ಲ. ಯಾವತ್ತಿಂದ ಅಂತ ಒಂದು ಡೇಟ್ ಕೊಡು, ನಾನೇ ನಿನ್ ಪರ ಫೈಟ್ ಮಾಡ್ತೀನಿ."

ಆ ಡೇಟು ಕಾಫಿ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿತ್ತು. ಇಡೀ ಲೋಕದಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಆಯುಧಪೂಜೆಯ ಬೆಳಿಗ್ಗೆಯಿಂದ ಸಾರ್. ಅದಕ್ಕೂ ಮುಂಚೆ ಒಳಗೆ ಒಂದು ಕಣ ಬೂದಿಯೂ ಇರಲಿಲ್ಲ, ಈ ಹುಡುಗಿ ದಿನಾ ಬಾಗಿಲಲ್ಲಿ ದೇವರನ್ನು ಒರೆಸಿಟ್ಟು ಬರುತ್ತಿದ್ದದ್ದನ್ನು ನಾನೇ ನೋಡಿದ್ದೇನೆ. ಇಷ್ಟು ಹೇಳಲು ಒಂದು ಉಸಿರು ಸಾಕಾಗಿತ್ತು. ತಟ್ಟೆಯಲ್ಲಿ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. "ಇಟ್ಟು ಹೋಗಪ್ಪ ಮುನಿರಾಜು," ಅಂದರು ಸಾರ್. ಇಟ್ಟು ಹೋದೆ.

ಅವಳು ಲೇಖನ ವಾಪಸ್ಸು ತೆಗೆದುಕೊಂಡಳು. ಯಾರೂ ಬಲವಂತ ಮಾಡಲಿಲ್ಲ. ನಂಬಿಕೆ ಇಲ್ಲದ ಅಂಕಿಯನ್ನು ಜಗತ್ತಿನ ಮುಂದೆ ಇಡಲಾರೆ ಅಂದಳಂತೆ. ಚೇಂಬರನ್ನು ಪೂರಾ ಬಿಚ್ಚಿ ತೊಳೆಯಲು ಪುರಸೊತ್ತು ಸಿಗುವ ಮೊದಲೇ ಸಮಿತಿ ಬಂತು. ಆ ದಿನ ಮೂಲೆಯಲ್ಲಿ ಕುರ್ಚಿ ಜೋಡಿಸಿದವನು ನಾನೇ. ಅವರು ಪರದೆ ನೋಡಿದರು, ಸೀಳುಗಳು ಹರಿದದ್ದನ್ನು ನೋಡಿದರು, ಕರಗಿದ್ದನ್ನು ನೋಡಿದರು. ಚೊಕ್ಕಟತನದ ಬಗ್ಗೆ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಅವಳು ತಲೆ ಅಲ್ಲಾಡಿಸುತ್ತಾ ಎಲ್ಲಕ್ಕೂ ಹೌದು ಅಂದಳು. ಓದಿಗೆ ಮುಂದಿನ ಅವಧಿ ಸಿಗಲಿಲ್ಲ. ಚೇಂಬರನ್ನು ಬೇರೆ ಕೆಲಸಕ್ಕೆ ಕೊಡುವುದು ಅಂತ ತೀರ್ಮಾನವಾಯಿತು.

ಬಿಟ್ಟುಕೊಡುವ ಮೊದಲು ಅವಳು ಚೇಂಬರನ್ನು ಪೂರಾ ಬಿಚ್ಚಿದಳು. ತಿರುಪು ತಿರುಪನ್ನೂ ತೊಳೆದಳು, ನಾನು ನೀರು, ಸ್ಪಿರಿಟ್ಟು ತಂದುಕೊಟ್ಟೆ. ದೀಪಾವಳಿ ಹತ್ತಿರವಿತ್ತು, ಹೊರಗೆ ಆಗಲೇ ಒಂದೊಂದು ಪಟಾಕಿ ಸಿಡಿಯುತ್ತಿತ್ತು. ಪ್ರತಿ ಸದ್ದಿಗೂ ನಾನು ಬೆಚ್ಚಿದರೆ ಅವಳು ಬೆಚ್ಚುತ್ತಿರಲಿಲ್ಲ. ಎಲ್ಲ ಜೋಡಿಸಿ, ಯಾರಿಗೂ ಹೇಳದೆ, ಒಂದು ಸಲ ಕೊನೆಯದಾಗಿ ಹಚ್ಚಿದಳು. ರಂಗೋಲಿ ಮೂಡಿತು. ಗ್ಯಾಸ್ ಇಳಿಯಿತು. ಬೇರೆಯವರ ಅಂಕಿ ದಾಟಿತು, ಚುಕ್ಕಿಗಳು ನಿಂತಿದ್ದವು. ಇನ್ನೂ ಇಳಿಯಿತು. ನಿಂತಿದ್ದವು. ಅವಳ ಹಳೇ ಅಂಕಿಗೆ ಬಂದಾಗ, ಸರಿಯಾಗಿ ಅಲ್ಲಿಯೇ, ಒಂದು ಮೂಲೆಯಲ್ಲಿ ನಡುಕ ಎದ್ದು ಎಲ್ಲ ಕರಗಿತು.

ಪಂಪು ಗುಡುಗುಡು ಅನ್ನುತ್ತಿತ್ತು.

ಸಾರ್‌ಗೆ ಹೇಳಿ ಮೇಡಂ ಅಂದೆ. ಅಷ್ಟು ಧೈರ್ಯ ನನಗೆ ಬಂದಿತ್ತು, ಬೇರೆಯವರ ಬಾಯಿಂದ ಹೇಳಿಸುವಷ್ಟು.

"ಒಮ್ಮಿ ಬಂದ್ರ ಸಾಲಂಗಿಲ್ಲ ಕಾಕಾ. ಒಮ್ಮಿ ಬಂದ್ರ ಅದು ದೈವ." ಸ್ವಿಚ್ಚು ಆರಿಸಿದಳು. ನೇರಳೆ ಬೆಳಕು ಹೋಯಿತು. ನನಗೆ ಅಷ್ಟು ದಿನ ಭಯ ಹುಟ್ಟಿಸಿದ್ದ ಆ ಬೆಳಕು ಇಲ್ಲದ ಕತ್ತಲೆ ಅದಕ್ಕಿಂತ ಭಯವಾಗಿತ್ತು. ಆ ಕತ್ತಲೆಯಲ್ಲಿ ಅವಳಿಗೆ ನನ್ನ ಮುಖ ಕಾಣುತ್ತಿರಲಿಲ್ಲ. ಹೇಳಲು ಅದಕ್ಕಿಂತ ಒಳ್ಳೆ ಜಾಗ ಸಿಗುತ್ತಿರಲಿಲ್ಲ. ದೀಪದ ಸ್ವಿಚ್ಚು ಹುಡುಕಿ ಹಾಕಿದೆ.

ಅವಳು ಊರಿಗೆ ಹೋಗಿರಬಹುದು ಅಂತ ನಾನು ಅಂದುಕೊಂಡಿದ್ದೆ. ಹಾಗೆ ಅಂದುಕೊಂಡರೆ ನನಗೆ ಸಲೀಸು. ನಿವೃತ್ತಿಯಾದ ಮೇಲೆ ಒಂದು ಬೆಳಿಗ್ಗೆ ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಕಣ್ಣಿಗೆ ಪೊರೆ ಬಂದಿದ್ದ ಕಾಲ, ಬಸ್ಸಿನ ಬೋರ್ಡು ಓದಲು ಆಗುತ್ತಿರಲಿಲ್ಲ. ಯಾವ ಬಸ್ ಕಾಕಾ ಅಂತ ಪಕ್ಕದಲ್ಲಿ ಒಂದು ದನಿ ಕೇಳಿತು. ಕಾಕಾ ಅನ್ನುವವರು ನನಗೆ ಬೇರೆ ಯಾರಿದ್ದಾರೆ. ಕೊರಳಲ್ಲಿ ಆಫೀಸಿನ ಕಾರ್ಡು ನೇತಾಡುತ್ತಿತ್ತು. ಇನ್ನೂ ಬಿಟಿಎಮ್‌ನಲ್ಲೇ ಇದ್ದಾಳೆ, ಫೋನಿನಲ್ಲಿ ಗಿರಾಕಿಗಳ ದೂರು ಕೇಳುವ ಕೆಲಸವಂತೆ. ಮನೆಯವಳ ಮಂಡಿ ನೋವು ವಿಚಾರಿಸಿದಳು. ನನ್ನ ಕೈ ನಡುಗುವುದನ್ನು ನೋಡಿ, ಡಾಕ್ಟರಿಗೆ ತೋರಿಸಿದ್ದೀರೇನು ಅಂದಳು. ವಯಸ್ಸಾಯಿತಲ್ಲ ಅಂದೆ.

ಅವಳನ್ನು ಅಷ್ಟು ಹತ್ತಿರದಿಂದ ನೋಡಿದಾಗ ಏನೋ ಬದಲಾಗಿದೆ ಅನ್ನಿಸಿತು. ಏನು ಅಂತ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಲ್ಯಾಬಿನ ಬಾಗಿಲು ಎಲ್ಲೂ ಇಲ್ಲ, ಒರೆಸಿಕೊಳ್ಳುವ ಕಾರಣವೂ ಇಲ್ಲ. ಆದರೂ ಹಣೆ ಬರಿದಾಗಿತ್ತು.

"ಯಾಕೆ ಮೇಡಂ, ವಿಭೂತಿ?" ಅಂದೆ. ಕೇಳಬಾರದಿತ್ತು.

"ಬಿಟ್ಟೇನ್ರಿ," ಅಂದಳು. ಅದೇ ನಗು, ಸ್ವಲ್ಪ ತಡವಾಗಿ ಬಂತು. "ಮನ್ಯಾಗ ಅವ್ವ ಬೈತಾಳ. ಹಚ್ಚಿಕೊಳ್ಳಾಕ ಹೋದ್ರ ಆ ಸೀಳು ಕಣ್ಣ ಮುಂದ ಬರತಾವ. ಕೈ ಏಳವಲ್ದು. ಇರ್ಲಿ ಬಿಡ್ರಿ, ನಂದ ತಪ್ಪು, ನಾ ಉಣ್ಣಬೇಕಲ್ಲ."

ಬಾಯಿ ತೆರೆದೆ. ನಿಜವಾಗಿ ತೆರೆದೆ. ಅಷ್ಟರಲ್ಲಿ ನನ್ನ ಬಸ್ಸು ಬಂತು. ಅವಳೇ ಮೊಣಕೈ ಹಿಡಿದು ಹತ್ತಿಸಿದಳು, ವಸಂತಪುರದ ಸ್ಟಾಪಿನಲ್ಲಿ ಈ ಅಜ್ಜನನ್ನು ನೋಡಿ ಇಳಿಸಿ ಅಂತ ಕಂಡಕ್ಟರಿಗೆ ಹೇಳಿದಳು. ಕಿಟಕಿಯಿಂದ ನೋಡಿದೆ. ಪೊರೆಯ ಕಣ್ಣಿಗೆ ಎಲ್ಲ ಮುಖಗಳೂ ಒಂದೇ ಮಂಜಾಗಿದ್ದವು. ಅವುಗಳ ನಡುವೆ ಅವಳು ಯಾರು ಅಂತ ತಿಳಿಯಲಿಲ್ಲ.

ಅವಳಿಂದ ಕಿತ್ತುಕೊಂಡದ್ದು ಬರೀ ಓದು ಅಂದುಕೊಂಡಿದ್ದೆ. ದೇವರನ್ನೂ ಕಿತ್ತುಕೊಂಡಿದ್ದೆ. ಅವಳನ್ನು ಕಾಪಾಡು ಅಂತ ಬೇಡಿಕೊಂಡ ಅದೇ ಚಿಟಿಕೆಯಿಂದ.

ಈಗ ದಿನಾ ಬೆಳಿಗ್ಗೆ ನಾನು ವಿಭೂತಿಯ ತಟ್ಟೆಗೆ ಕೈ ಹಾಕಿದರೆ ಬೆರಳು ನಡುಗಿ ಹಣೆಗಿಂತ ಹೆಚ್ಚು ನೆಲಕ್ಕೆ ಬೀಳುತ್ತದೆ. ಮನೆಯವಳು ಒರೆಸುತ್ತಾಳೆ. ಒದ್ದೆ ಬಟ್ಟೆಯಲ್ಲಿ ಒರೆಸು ಅನ್ನುತ್ತೇನೆ. ಯಾಕೆ ಅಂತ ಅವಳಿಗೆ ಗೊತ್ತಿಲ್ಲ, ಇದನ್ನು ಓದಿದರೆ ಗೊತ್ತಾಗುತ್ತದೆ. ಸಾಯುವುದಕ್ಕೆ ಅಷ್ಟು ಹೆದರಿಕೆಯಿಲ್ಲ. ಆ ಡೇಟನ್ನು ಜೊತೆಗೆ ತೆಗೆದುಕೊಂಡು ಹೋಗಿಬಿಡುತ್ತೇನೇನೋ ಅನ್ನುವುದೇ ಹೆದರಿಕೆ. ಮತ್ತೆ ಬಸ್ ಸ್ಟ್ಯಾಂಡಿಗೆ ಹೋಗಿ ಹುಡುಕಿದ್ದೇನೆ. ಸಿಗಲಿಲ್ಲ. ಸಿಕ್ಕಿದ್ದರೆ ಹೇಳುತ್ತಿದ್ದೆ ಅಂತ ಆಣೆ ಇಟ್ಟು ಹೇಳುವ ಧೈರ್ಯವೂ ನನಗಿಲ್ಲ. ಅದಕ್ಕೇ ಬರೆದೆ.

ದೊಡ್ಡ ಸಾರ್ ಕೇಳಿದ ಪ್ರಶ್ನೆಗೆ ಉತ್ತರ ಇದು. ಆಯುಧಪೂಜೆಯ ಬೆಳಿಗ್ಗೆಯಿಂದ. ಬೂದಿ ನನ್ನದು, ಬೆರಳು ನನ್ನದು. ಅದಕ್ಕಿಂತ ಹಿಂದಿನದೆಲ್ಲ ಶುದ್ಧವಾಗಿತ್ತು, ನಿನ್ನ ಅಂಕಿ ಸರಿಯಾಗಿತ್ತು. ನಾಳೆ ಬೆಳಿಗ್ಗೆ ಸ್ನಾನ ಮಾಡಿ ಹಣೆಗೆ ಹಚ್ಚಿಕೋ ತಾಯಿ, ನಿನ್ನ ವಿಭೂತಿ ಯಾರನ್ನೂ ಕರಗಿಸಲಿಲ್ಲ. ಒಂದು ಸಲವೂ ನಾನು ಹೆಸರು ಹಿಡಿದು ಕರೆಯಲಿಲ್ಲ ನಿನ್ನನ್ನು. ಗಿರಿಜಾ.